ಶಾಸ್ತ್ರದಾನವೂ ಸಂಚಾರಿ ಮುದ್ರಣಾಲಯವೂ

ಕೊಡುವವನು ತನ್ನ ಸ್ವತ್ತಿನ ಮೇಲಿನ ಒಡೆತನವನ್ನು ಬಿಟ್ಟುಕೊಟ್ಟು ಅದನ್ನು ಪಡೆಯುವವನಲ್ಲಿ ನೆಲೆಗೊಳಿಸುವುದೇ ದಾನವೆಂದು ಧರ್ಮಶಾಸ್ತ್ರದ ನಿಬಂಧಕಾರರು ವಿವರಿಸುತ್ತಾರೆ. ಗೋವು, ಭೂಮಿ, ಚಿನ್ನಗಳಿಗೆ ಈ ಲಕ್ಷಣ ತೊಡಕಿಲ್ಲದೆ ಹೊಂದುತ್ತದೆ. ವಿದ್ಯೆಯಾದರೋ ಕೊಟ್ಟವನಲ್ಲಿ ಕಿಂಚಿತ್ತೂ ಕಡಿಮೆಯಾಗದೆ ಉಳಿಯುವುದರಿಂದ, ಅಲ್ಲಿ ತ್ಯಾಗವೆಲ್ಲಿದೆ, ತ್ಯಾಗವಿಲ್ಲದ್ದನ್ನು ದಾನವೆನ್ನಬಹುದೆ ಎಂಬ ಪ್ರಶ್ನೆ ಏಳುತ್ತದೆ. ಹಕ್ಕುಸ್ವಾಮ್ಯದ ಅವಧಿ ಮುಗಿದ ಪುಸ್ತಕಗಳನ್ನು ಗಣಕದಲ್ಲಿ ತುಂಬಿಕೊಂಡು ಊರೂರಿಗೆ ಹೋಗಿ, ಓದುಗನು ಕೇಳಿದ ಪುಸ್ತಕವನ್ನು ಅಲ್ಲಿಯೇ ಮುದ್ರಿಸಿ, ರಟ್ಟು ಕಟ್ಟಿ ಕೈಗಿಡುವ ಸಂಚಾರಿ ಗ್ರಂಥಾಲಯವು ಈ ಹಳೆಯ ಪ್ರಶ್ನೆಯನ್ನು ಮತ್ತೆ ಮುಂದಿಡುತ್ತದೆ.

ಜೈನರು ಆಹಾರ, ಅಭಯ, ಔಷಧ, ಶಾಸ್ತ್ರ ಎಂಬ ನಾಲ್ಕು ದಾನಗಳನ್ನು ಹೇಳುತ್ತಾರೆ. ಇವುಗಳಲ್ಲಿ ಶಾಸ್ತ್ರದಾನವೆಂದರೆ ಗ್ರಂಥವನ್ನು ಪ್ರತಿ ಮಾಡಿಸಿ ಹಂಚುವುದು. ಹತ್ತನೆಯ ಶತಮಾನದಲ್ಲಿ ಅತ್ತಿಮಬ್ಬೆಯು ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದಳೆಂಬುದು ಕನ್ನಡಿಗರಿಗೆಲ್ಲ ತಿಳಿದ ಸಂಗತಿ. ಪೊನ್ನನ ಕಾವ್ಯ ಆಕೆಯ ಸ್ವತ್ತಾಗಿರಲಿಲ್ಲ. ಆಕೆ ತ್ಯಾಗ ಮಾಡಿದ್ದು ತಾಳೆಗರಿಗೂ ಲಿಪಿಕಾರರ ದುಡಿಮೆಗೂ ವೆಚ್ಚವಾದ ಧನವನ್ನು. ಹೀಗೆ ನೋಡಿದರೆ ಮೇಲಿನ ಪ್ರಶ್ನೆಗೆ ಉತ್ತರವೊಂದು ದೊರೆಯುತ್ತದೆ: ಗ್ರಂಥದ ಅರ್ಥವು ಯಾರದೂ ಅಲ್ಲವಾದ್ದರಿಂದ ಅದನ್ನು ಯಾರೂ ದಾನ ಮಾಡಲಾರರು, ಅದು ಮತ್ತೊಬ್ಬರನ್ನು ತಲುಪಲು ಬೇಕಾದ ದೇಹವನ್ನು ಮಾತ್ರ ದಾನ ಮಾಡಬಹುದು.

ಬೌದ್ಧರಲ್ಲಿಯೂ ಧರ್ಮದಾನಕ್ಕೆ ಎಲ್ಲ ದಾನಗಳಿಗಿಂತ ಮೇಲಿನ ಸ್ಥಾನವಿದೆ. ಮುದ್ರಣದ ದಿನಾಂಕವನ್ನು ಹೊತ್ತ ಅತ್ಯಂತ ಹಳೆಯ ಪುಸ್ತಕವೆನಿಸಿರುವ, 868ರ ವಜ್ರಚ್ಛೇದಿಕಾ ಸೂತ್ರದ ಚೀನೀ ಸುರುಳಿಯನ್ನು ವಾಂಗ್ ಜೀ ಎಂಬಾತನು ತನ್ನ ತಂದೆತಾಯಿಗಳ ಹೆಸರಿನಲ್ಲಿ ಉಚಿತವಾಗಿ ಹಂಚಲೆಂದೇ ಮಾಡಿಸಿದ್ದನು. ಟಿಬೆಟಿನ ದೇರ್ಗೆಯಲ್ಲಿ 1729ರಲ್ಲಿ ಆರಂಭವಾದ ಮುದ್ರಣಮಂದಿರದಲ್ಲಿ ಪುಸ್ತಕಗಳಿಗಿಂತ ಹೆಚ್ಚಾಗಿ ಅಕ್ಷರ ಕೊರೆದ ಮರದ ಹಲಗೆಗಳನ್ನು ಕಾಪಿಟ್ಟು, ಬೇಡಿಕೆ ಬಂದಾಗ ಅವುಗಳಿಗೆ ಮಸಿ ಹಚ್ಚಿ ಪ್ರತಿ ತೆಗೆದುಕೊಡುವ ಕ್ರಮವಿತ್ತು. ಕೇಳಿದಾಗ ಮುದ್ರಿಸುವ ಪದ್ಧತಿ ಯಂತ್ರಯುಗದ ಶೋಧನೆಯೇನೂ ಅಲ್ಲ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಸಾಕ್ಷ್ಯ ಬೇಕಿಲ್ಲ. 1966ರಿಂದ ಮುಂಡಗೋಡಿನಲ್ಲಿ ನೆಲೆಸಿದ ಟಿಬೆಟನ್ನರು ಅಲ್ಲಿ ಗಾಂದೆನ್ ಮತ್ತು ಡ್ರೆಪುಂಗ್ ಮಠಗಳನ್ನು ಮರಳಿ ಕಟ್ಟಿದ್ದರಿಂದ, ಈ ಪರಂಪರೆಯ ವಾರಸುದಾರರು ಉತ್ತರ ಕನ್ನಡದಲ್ಲಿಯೇ ಇದ್ದಾರೆ.

ಹೊಸ ಕಾಲದ ಪ್ರಯೋಗಗಳಲ್ಲಿ ಎರಡನ್ನು ಹೆಸರಿಸಬೇಕು. ಅಮೆರಿಕದ ಬ್ರೂಸ್ಟರ್ ಕೇಲ್ 2002ರಲ್ಲಿ ಇಂಟರ್ನೆಟ್ ಆರ್ಕೈವ್ ಸಂಸ್ಥೆಯ ಪುಸ್ತಕವಾಹನವನ್ನು ಆ ದೇಶದುದ್ದಕ್ಕೂ ಓಡಿಸಿದರೆ, ಭಾರತದಲ್ಲಿ ನೊಯ್ಡಾದ ಸಿ-ಡ್ಯಾಕ್ ಎಂಬ ಸರ್ಕಾರಿ ಗಣಕ ಸಂಶೋಧನಾ ಸಂಸ್ಥೆಯು ‘ದ್ವಾರೆ ದ್ವಾರೆ ಜ್ಞಾನ ಸಂಪದಾ’ ಎಂಬ ಹೆಸರಿನಲ್ಲಿ ಅಂಥದೇ ವಾಹನವನ್ನು ರೂಪಿಸಿತು. ಭಾರತದ ಕಾನೂನಿನಂತೆ ಲೇಖಕನು ತೀರಿಕೊಂಡ ಮರುವರ್ಷದಿಂದ 60 ವರ್ಷ ಕಳೆದ ಮೇಲೆ ಅವನ ಕೃತಿ ಎಲ್ಲರದಾಗುತ್ತದೆ. 1964ರಲ್ಲಿ ನಿಧನರಾದ ಆಲೂರು ವೆಂಕಟರಾಯರ ‘ಕರ್ನಾಟಕ ಗತವೈಭವ’ವು 2025ರ ಜನವರಿ 1ರಿಂದ ಹೀಗೆ ಮುಕ್ತವಾಗಿದೆ. ಕಾನೂನು ಬಿಡಿಸಿದ್ದಕ್ಕೂ ಮನುಷ್ಯನು ತಾನಾಗಿ ಬಿಟ್ಟದ್ದಕ್ಕೂ ಅಂತರವಿದೆ. ‘ಹಿಂದ್ ಸ್ವರಾಜ್’ನ 1910ರ ಇಂಗ್ಲಿಷ್ ಆವೃತ್ತಿಯಲ್ಲಿ ಯಾವ ಹಕ್ಕನ್ನೂ ಕಾದಿರಿಸಿಲ್ಲವೆಂದು ಗಾಂಧೀಜಿ ಅಚ್ಚು ಹಾಕಿಸಿದ್ದು ನಿಜವಾದ ಅರ್ಥದಲ್ಲಿ ತ್ಯಾಗ.

ಅತ್ತಿಮಬ್ಬೆಯ ದಾನಕ್ಕೂ ಈ ವಾಹನಕ್ಕೂ ಇರುವ ನಿಜವಾದ ವ್ಯತ್ಯಾಸ ಬೇರೆಡೆ ಇದೆ. ಯಾವ ಗ್ರಂಥ ಉಳಿಯಬೇಕೆಂಬುದನ್ನು ಅಲ್ಲಿ ಕೊಡುವವಳು ನಿರ್ಧರಿಸಿದಳು. ಇಲ್ಲಿ ಕೇಳುವವನು ನಿರ್ಧರಿಸುತ್ತಾನೆ. ಇದಕ್ಕೂ ಪರಂಪರೆಯ ಆಧಾರವಿದೆ: ಕೇಳದವನಿಗೆ ಹೇಳಬಾರದೆಂದು ಮನುಸ್ಮೃತಿ ವಿಧಿಸುತ್ತದೆ. ಉಪನಿಷತ್ತುಗಳಲ್ಲಿಯೂ ಬೋಧೆ ಬಹುಮಟ್ಟಿಗೆ ಪ್ರಶ್ನೆಯ ಬೆನ್ನಿಗೇ ಬರುತ್ತದೆ. ಆದರೆ ಅದೇ ಪರಂಪರೆ ಅಧಿಕಾರವೆಂಬ, ಎಂದರೆ ವಿದ್ಯೆಯನ್ನು ಪಡೆಯುವ ಅರ್ಹತೆಯೆಂಬ, ಕಲ್ಪನೆಯನ್ನು ಹುಟ್ಟಿಗೆ ಕಟ್ಟಿಹಾಕಿ, ಕೇಳುವ ಬಾಯಿಗಳನ್ನೇ ಮುಚ್ಚಿಸಿತು. ಶಾಸ್ತ್ರದಾನವನ್ನು ಹೇಳಿದ ಜೈನರಲ್ಲಿಯೂ ಓದಿಗೆ ತಡೆಯಿತ್ತು: ಮೂಡುಬಿದಿರೆಯ ಸಿದ್ಧಾಂತ ಬಸದಿಯಲ್ಲಿ ಧವಳಾದಿ ಸಿದ್ಧಾಂತ ಗ್ರಂಥಗಳ ತಾಳೆಗರಿ ಪ್ರತಿಗಳು ಶತಮಾನಗಳ ಕಾಲ ದರ್ಶನಕ್ಕೆ ಮಾತ್ರ ಒದಗಿದವು. ಹೀರಾಲಾಲ್ ಜೈನರ ಸಂಪಾದಕತ್ವದಲ್ಲಿ ಅವು ಅಚ್ಚಾಗತೊಡಗಿದ್ದು 1939ರಲ್ಲಿ. ಕಾದಿಟ್ಟವರ ಭಯಭಕ್ತಿಯಿಂದಲೇ ಅವು ಉಳಿದವೆಂಬುದು ದಿಟ, ಅವರಿಗೆ ಕನ್ನಡ ನಾಡು ಋಣಿ. ಆದರೂ ಓದಿಗೆ ಒದಗದ ಶಾಸ್ತ್ರ ಪೂಜೆಯ ವಸ್ತುವಾಗುತ್ತದೆಯೇ ಹೊರತು ಶಾಸ್ತ್ರವಾಗಿ ಬದುಕುವುದಿಲ್ಲ. ಕೇಳುವುದೇ ಅಧಿಕಾರವೆಂದು ಒಪ್ಪುವ ಸಂಚಾರಿ ಮುದ್ರಣಾಲಯವು ಪರಂಪರೆಯ ಒಂದು ವಿಧಿಯನ್ನು ಪಾಲಿಸಿ ಮತ್ತೊಂದನ್ನು ಮುರಿಯುತ್ತದೆ, ಮುರಿಯುವುದೇ ಧರ್ಮ.

ಇಷ್ಟಾದರೂ, ಕೇಳಬೇಕಾದರೆ ಕೇಳುವಂಥದ್ದು ಇದೆಯೆಂದು ಮೊದಲು ತಿಳಿದಿರಬೇಕು. ದಾಂಡೇಲಿಯ ಸಮೀಪ, ಕಾಳಿ ನದಿಯ ಆಸರೆಯಲ್ಲಿರುವ ಮೌಳಂಗಿಯಂಥ ಊರನ್ನು ನೆನೆದರೆ ಈ ಮಾತಿನ ಭಾರ ತಿಳಿಯುತ್ತದೆ. 1955ರಲ್ಲಿ ಸ್ಥಾಪನೆಯಾದ ದಾಂಡೇಲಿಯ ಕಾಗದದ ಕಾರ್ಖಾನೆಗೆ ಸುತ್ತಣ ಕಾಡಿನ ಬಿದಿರು ಹೋಯಿತು. ಆ ಕಾಡಿನ ಜನರ ಮಾತು ಮಾತ್ರ ಕಾಗದದ ಮೇಲೆ ಬಂದದ್ದು ಕಡಿಮೆ. ಹಳಿಯಾಳ, ಜೋಯಿಡಾ ಸೀಮೆಯ ಸಿದ್ದಿಗಳು, ಕುಣಬಿಗಳು, ಗೌಳಿಗಳು ಮನೆಯಲ್ಲಿ ಕೊಂಕಣಿ ಇಲ್ಲವೆ ಮರಾಠಿಯ ಪ್ರಭೇದಗಳನ್ನಾಡುತ್ತಾರೆ. ಅವರ ಹಾಡು, ಕಥೆ, ಕಾಡಿನ ತಿಳಿವಳಿಕೆಗಳು ಬಾಯಿಂದ ಬಾಯಿಗೆ ಬಂದವು. ಬರೆದಿರದದ್ದನ್ನು ಯಾವ ಯಂತ್ರವೂ ಮುದ್ರಿಸಲಾರದು. ಆದ್ದರಿಂದ ಇಂಥ ಊರಿಗೆ ಹೋಗುವ ವಾಹನವು ಕೊಡಲು ಮಾತ್ರ ಹೋದರೆ ಸಾಲದು. ಊರವರು ಒಪ್ಪಿದಷ್ಟನ್ನು, ಅವರ ಹೆಸರಿನಲ್ಲಿಯೇ ಬರೆದುಕೊಂಡು, ಮೊದಲ ಪ್ರತಿಯನ್ನು ಅವರಿಗೇ ಒಪ್ಪಿಸಬೇಕು.

ರಾಜ್ಯದ ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಈಗ ಅರಿವು ಕೇಂದ್ರಗಳೆನಿಸಿವೆ. ಅವುಗಳ ಮೇಲ್ವಿಚಾರಕರು ಊರಿನವರ ಕೋರಿಕೆಗಳನ್ನು ಬರೆದಿಟ್ಟುಕೊಳ್ಳುವ, ತಾಲ್ಲೂಕಿಗೊಂದರಂತೆ ಮುದ್ರಣವಾಹನವು ಸರದಿಯಂತೆ ಬಂದು ಅವನ್ನು ಪೂರೈಸುವ ಏರ್ಪಾಡಾಗಬೇಕು. ಗ್ರಂಥಾಲಯ ಕರ ಸಂಗ್ರಹಿಸುವ ಸರ್ಕಾರವೂ ಶಾಸ್ತ್ರದಾನವನ್ನು ವ್ರತವೆಂದು ನಂಬಿದ ಮಠ-ಬಸದಿಗಳೂ ಇದರ ವೆಚ್ಚವನ್ನು ಹೊರಲು ಮುಂದೆ ಬರಬೇಕು.