ತುಳಿದ ದಾರಿ, ಬರೆದಿಟ್ಟ ದಾರಿ

ಭಾನುವಾರ ಬೆಳಕು ಹರಿಯುವ ಮುನ್ನವೇ ಬೆಂಗಳೂರಿನಿಂದ ನಂದಿ ಬೆಟ್ಟದತ್ತ ಸೈಕಲ್ ಸವಾರರು ಹೊರಡುತ್ತಾರೆ. ಅವರಲ್ಲಿ ಬಹುಪಾಲು ಜನ ಸ್ಪರ್ಧೆಗಿಳಿದವರಲ್ಲ. ವಾರವಿಡೀ ಬೇರೆ ಕೆಲಸ ಮಾಡಿ, ತುಳಿಯುವ ಸುಖಕ್ಕಾಗಿಯೇ ತುಳಿಯುವವರು. ಏರು ಕಡಿದಾದಾಗ ಅವರ ಬೆರಳು ತಾನಾಗಿ ಗೇರ್ ಬದಲಿಸುತ್ತದೆ, ಕಾಲಿನ ಭಾರ ಇಳಿಯುತ್ತದೆ. ಇಷ್ಟು ಸಹಜವೆನಿಸುವ ಈ ಸೌಕರ್ಯ ಸುಮ್ಮನೆ ಬಂದದ್ದಲ್ಲ. ಇದಕ್ಕಾಗಿ ಒಬ್ಬ ಹವ್ಯಾಸಿ ಸವಾರ ದಶಕಗಳ ಕಾಲ ತುಳಿದರು, ತುಳಿದದ್ದನ್ನು ಬರೆದರು.

ಅವರ ಹೆಸರು ಪಾಲ್ ದ ವಿವಿ. ಹುಟ್ಟಿದ್ದು 1853ರಲ್ಲಿ, ಫ್ರಾನ್ಸಿನಲ್ಲಿ. ಕಸುಬು ರೇಷ್ಮೆ ವ್ಯಾಪಾರ. ಸೈಕಲ್ಲಿನ ಗೀಳು ಹತ್ತಿದ ಮೇಲೆ ಆ ವ್ಯಾಪಾರ ಬಿಟ್ಟು, ಸೇಂತ್ ಎತಿಯೆನ್ ಊರಿನಲ್ಲಿ ಸೈಕಲ್ ಅಂಗಡಿ ತೆರೆದರು. 1887ರಲ್ಲಿ ಸೈಕಲ್ಲಿಗೆಂದೇ ಒಂದು ಪತ್ರಿಕೆ ಆರಂಭಿಸಿದರು. ಮುಂದೆ ‘ಲ ಸಿಕ್ಲಿಸ್ತ್’ ಎಂದು ಹೆಸರಾದ ಆ ಪತ್ರಿಕೆಯಲ್ಲಿ ‘ವೆಲೋಸಿಯೋ’ ಎಂಬ ಅಂಕಿತದಿಂದ ಬರೆಯುತ್ತಿದ್ದರು. ಹಸಿವಾಗುವ ಮೊದಲೇ ಸ್ವಲ್ಪ ತಿನ್ನಿ, ಬಾಯಾರುವ ಮೊದಲೇ ನೀರು ಕುಡಿಯಿರಿ, ಊಟ ನಿದ್ದೆ ಎರಡೂ ಬೇಡವೆನಿಸುವಷ್ಟು ದಣಿಯಬೇಡಿ, ಜಂಬಕ್ಕಾಗಿ ತುಳಿಯಬೇಡಿ: ಇವು ಅವರು ಓದುಗರಿಗೆ ಹೇಳಿದ ಮಾತುಗಳ ಸಾರ. ಇಂದಿಗೂ ದೂರದ ಸವಾರಿಗೆ ಹೊರಟ ಹೊಸಬರಿಗೆ ಹಿರಿಯರು ಹೇಳಿಕೊಡುವುದು ಇದನ್ನೇ.

ಬರೆದವನಿಗೆ ಏನು ದಕ್ಕುತ್ತದೆ ಎಂಬುದಕ್ಕೂ ಅವರ ಬದುಕಿನಲ್ಲೇ ಉತ್ತರವಿದೆ. ಒಮ್ಮೆ ಅವರು ಊರ ಹೊರಗಿನ ಘಟ್ಟವನ್ನು ಒಂದೇ ಗೇರಿನ ಸೈಕಲ್ಲಿನಲ್ಲಿ ಏರುತ್ತಿದ್ದಾಗ, ಅವರದೇ ಪತ್ರಿಕೆಯ ಓದುಗನೊಬ್ಬ ಪೈಪ್ ಸೇದುತ್ತ ಆರಾಮವಾಗಿ ಅವರನ್ನು ಹಿಂದೆ ಹಾಕಿ ಹೋದನಂತೆ. ಮನಸ್ಸಿಗೆ ಚುರುಕ್ಕೆಂದಿತು. ಆದರೆ ಆ ನೋವು ಅಸೂಯೆಯಾಗಲಿಲ್ಲ, ಪ್ರಶ್ನೆಯಾಯಿತು: ಬಯಲಿಗೂ ಘಟ್ಟಕ್ಕೂ ಒಂದೇ ಗೇರ್ ಏಕೆ? ಅಲ್ಲಿಂದ ಅವರ ಪ್ರಯೋಗಗಳು ಶುರುವಾದವು. ಮೊದಮೊದಲು ಚೈನನ್ನು ಕೈಯಿಂದಲೇ ಎತ್ತಿ ಬೇರೆ ಹಲ್ಲುಚಕ್ರಕ್ಕೆ ಹಾಕಬೇಕಿತ್ತು. ಟೂರ್ ದ ಫ್ರಾನ್ಸ್ ಸ್ಪರ್ಧೆಯ ಸಂಘಟಕ ಆನ್ರಿ ದೇಗ್ರಾಂಜ್ ಅವರಿಗೆ ಇದು ಹಿಡಿಸಲಿಲ್ಲ. ಗೇರ್ ಬದಲಿಸುವುದು ವಯಸ್ಸಾದವರಿಗೆ ಸರಿ ಎಂಬುದು ಅವರ ನಿಲುವು. ವೆಲೋಸಿಯೋ ಮಾತ್ರ ತಾವು ಏರಿದ ಬೆಟ್ಟಗಳನ್ನೇ ಸಾಕ್ಷಿಯಾಗಿಟ್ಟುಕೊಂಡು ಬರೆಯುತ್ತಲೇ ಹೋದರು. ಆ ಸ್ಪರ್ಧೆಯಲ್ಲಿ ಚೈನ್ ಸರಿಸುವ ಗೇರಿಗೆ ಎಲ್ಲರಿಗೂ ಅನುಮತಿ ಸಿಕ್ಕಿದ್ದು 1937ರಲ್ಲಿ, ಅವರು ತೀರಿಕೊಂಡು ಏಳು ವರ್ಷಗಳಾದ ಮೇಲೆ.

ನಮ್ಮೆಲ್ಲರ ಬರಹ ಅಷ್ಟು ದೂರ ಹೋಗಬೇಕಿಲ್ಲ. ಆದರೆ ಸೈಕಲ್ ತುಳಿಯುವವನಿಗೆ ಮಾತ್ರ ಗೊತ್ತಾಗುವ ಸಂಗತಿಗಳು ಪ್ರತಿ ರಸ್ತೆಯಲ್ಲೂ ಇವೆ. ಕಾರಿನಲ್ಲಿ ಹೋಗುವವರಿಗೆ ಸಮತಟ್ಟಾಗಿ ಕಾಣುವ ರಸ್ತೆ ನಿಜಕ್ಕೂ ಮೈಲುಗಟ್ಟಲೆ ಏರು ಎಂಬುದು ತೊಡೆಗೆ ಗೊತ್ತು. ಮಧ್ಯಾಹ್ನ ಎದುರುಗಾಳಿ ಎಲ್ಲಿಂದ ಬೀಸುತ್ತದೆ, ಮಳೆ ಬಂದ ಮೇಲೆ ಯಾವ ತಿರುವಿನಲ್ಲಿ ಜಲ್ಲಿ ಹರಡಿಕೊಂಡಿರುತ್ತದೆ, ಕೆರೆ ಏರಿಯ ಮೇಲೆ ಎಲ್ಲಿ ಹುಣಸೆ ಮರದ ನೆರಳಿದೆ, ಯಾವ ಊರಿನಲ್ಲಿ ಬೆಳಗ್ಗೆ ಆರಕ್ಕೇ ಬಿಸಿ ಇಡ್ಲಿ ಸಿಗುತ್ತದೆ, ಯಾವ ತೋಟದ ಮನೆಯ ನಾಯಿ ಬೆನ್ನಟ್ಟುತ್ತದೆ. ನಕ್ಷೆಯಲ್ಲಿ ಇವ್ಯಾವುವೂ ಇಲ್ಲ. ಮೊದಲ ಸಲ ಒಂಟಿಯಾಗಿ ಹೊರಟ ಹುಡುಗಿಗೋ, ನಿವೃತ್ತಿಯ ನಂತರ ಸೈಕಲ್ ಕೊಂಡ ಹಿರಿಯರಿಗೋ ಇಂಥ ಒಂದು ಪುಟದ ಟಿಪ್ಪಣಿ ಕೊಡುವ ಧೈರ್ಯವನ್ನು ದುಬಾರಿ ಸೈಕಲ್ ಕೊಡಲಾರದು.

ಬರೆಯುವವನ ಪಾಲಿಗೂ ಇದು ಲಾಭವೇ. ಬರೆಯಬೇಕೆಂಬ ಅರಿವು ಜೊತೆಗಿದ್ದರೆ ಕಣ್ಣು ಚುರುಕಾಗುತ್ತದೆ. ‘ದಾರಿ ಚೆನ್ನಾಗಿತ್ತು’ ಎಂದರೆ ಯಾರಿಗೂ ಉಪಯೋಗವಿಲ್ಲ; ಎಲ್ಲಿ, ಯಾವ ಹೊತ್ತಿನಲ್ಲಿ, ಏಕೆ ಚೆನ್ನಾಗಿತ್ತು ಎಂದು ಹೇಳಬೇಕಾಗುತ್ತದೆ. ಹಾಗೆ ಹೇಳಲು ನಿಧಾನಿಸಬೇಕು, ಎಳನೀರು ಕೆತ್ತುವವರ ಜೊತೆ ನಾಲ್ಕು ಮಾತಾಡಬೇಕು, ಊರಿನ ಹೆಸರು ಕೇಳಿ ತಿಳಿಯಬೇಕು. ವೇಗದ ಲೆಕ್ಕವೊಂದನ್ನೇ ಹಿಡಿದು ಹೋದವನಿಗೆ ಈ ಪರಿಚಯಗಳು ಒದಗುವುದಿಲ್ಲ. ಬರೆದದ್ದನ್ನು ಓದಿದವರು ‘ಆ ಸೇತುವೆ ಈಗ ಮುಚ್ಚಿದೆ, ಬಳಸು ದಾರಿ ಹೀಗಿದೆ’ ಎಂದು ತಿದ್ದುತ್ತಾರೆ. ತಿದ್ದಿದವರೇ ಮುಂದಿನ ಸವಾರಿಯಲ್ಲಿ ಜೊತೆಗಾರರಾಗುತ್ತಾರೆ. ಹಣ ಬರುವುದಿಲ್ಲ, ಹೆಸರು ಬರುತ್ತದೆಂಬ ಖಾತರಿಯೂ ಇಲ್ಲ. ಆದರೆ ಗೆಳೆಯರು ಖಂಡಿತ ಸಿಗುತ್ತಾರೆ.

ಹವ್ಯಾಸ ನಮ್ಮೊಬ್ಬರ ಸಂತೋಷಕ್ಕಾಗಿ ಶುರುವಾಗುತ್ತದೆ, ಅದರಲ್ಲಿ ತಪ್ಪಿಲ್ಲ. ಅದು ನಾಲ್ಕು ಜನರಿಗೆ ಒದಗಿದಾಗ ಮಾತ್ರ ದೊಡ್ಡದಾಗುತ್ತದೆ. ಈ ವಾರ ನೀವು ಸೈಕಲ್ ಹತ್ತಿ ಎಲ್ಲಿಗಾದರೂ ಹೋಗಿ ಬಂದರೆ, ಮರೆಯುವ ಮುನ್ನ ಒಂದು ಪುಟ ಬರೆದಿಡಿ. ನೀರೆಲ್ಲಿ ಸಿಗುತ್ತದೆ, ಪಂಕ್ಚರ್ ಅಂಗಡಿ ಎಲ್ಲಿದೆ ಎಂಬುದರಿಂದಲೇ ಆರಂಭಿಸಿ. ಅದೂ ಕನ್ನಡದಲ್ಲಿ ಬರೆಯಿರಿ. ನಮ್ಮ ಹಳ್ಳಿಗಳ ಎಷ್ಟೋ ಮಕ್ಕಳು ಶಾಲೆಗೆ ಹೋಗುವುದು ಸೈಕಲ್ಲಿನಲ್ಲೇ, ಅವರೂ ಓದಲಿ.