ಹೇಳಿಕೊಳ್ಳಲು ಎಷ್ಟು ದೂರ ಹೋಗಬೇಕು

ಬೆಂಗಳೂರಿನ ಉಲ್ಲಾಳದಂಥ ಬಡಾವಣೆಯಲ್ಲಿ ಮನೆಗಳು ಗೋಡೆಗೆ ಗೋಡೆ ತಾಗಿಕೊಂಡಿರುತ್ತವೆ. ಕೆಳಗೆ ಓನರ್, ಮೇಲೆ ಬಾಡಿಗೆಯವರು. ಮೆಟ್ಟಿಲು ಹತ್ತಿದವರಾರು, ಇಳಿದವರಾರು ಎಂಬುದು ಎಲ್ಲರಿಗೂ ಗೊತ್ತು. ಜ್ವರ ಬಂದವರಿಗೆ ಗಂಜಿ ತಂದುಕೊಡುವುದೂ ಸಾವಾದ ಮನೆಗೆ ಅನ್ನ ಕಳಿಸುವುದೂ ಈ ಬಳಕೆಯೇ ಆದ್ದರಿಂದ ಅದನ್ನು ನಾನು ಹಗುರವಾಗಿ ಕಾಣಲಾರೆ. ಆದರೆ ಗಂಡನ್ನೇ ಪ್ರೀತಿಸುವ ಗಂಡಿಗೆ, ಹೆಣ್ಣಿಗೇ ಒಲಿದ ಹೆಣ್ಣಿಗೆ ಅದೇ ಬಳಕೆ ಕಾವಲಾಗುತ್ತದೆ. ಮನಸ್ಸು ಕುಸಿದ ದಿನ ಅವರು ಮನೆಯ ಹತ್ತಿರದ ಆಪ್ತಸಮಾಲೋಚಕರನ್ನು ಬಿಟ್ಟು ನಗರದ ಇನ್ನೊಂದು ತುದಿಗೆ ಹೊರಟರೆ, ಅಥವಾ ಫೋನಿನಲ್ಲಿ ಮಾತಾಡಲು ವಿಶ್ವವಿದ್ಯಾಲಯದ ಜ್ಞಾನಭಾರತಿ ಆವರಣದ ಮರಗಳ ಕಡೆ ನಡೆದರೆ, ಅದರಲ್ಲಿ ಆಶ್ಚರ್ಯಪಡುವುದೇನಿದೆ? ಅಷ್ಟು ದೂರ ಹೋದ ಮೇಲೂ ಎದುರಿಗೆ ಕುಳಿತವರು ‘ಮನೆಯಲ್ಲಿ ಹುಡುಗಿ ನೋಡ್ತಿದ್ದಾರಾ?’ ಎಂದೇ ಮಾತು ತೆಗೆದರೆ, ಹೇಳಬೇಕೆಂದು ಬಂದದ್ದು ಗಂಟಲಲ್ಲೇ ಉಳಿಯುತ್ತದೆ.

ಅಮೆರಿಕದ ಮನೋವೈದ್ಯರ ಸಂಘ ಸಲಿಂಗಪ್ರೇಮವನ್ನು ರೋಗಗಳ ಪಟ್ಟಿಯಿಂದ ತೆಗೆದದ್ದು 1973ರಲ್ಲಿ, ವಿಶ್ವ ಆರೋಗ್ಯ ಸಂಸ್ಥೆ ತೆಗೆದದ್ದು 1990ರಲ್ಲಿ. ಆದರೂ ಆ ಸಂಸ್ಥೆಯ ಪಟ್ಟಿಯಲ್ಲಿ ಒಂದು ಕಿಂಡಿ ಉಳಿಯಿತು: ಒಲವು ರೋಗವಲ್ಲ, ಆದರೆ ಆ ಒಲವಿನಿಂದ ನೊಂದವನು ಅದನ್ನು ಬದಲಿಸಿಕೊಳ್ಳಲು ಬಯಸಿದರೆ ಆ ಸ್ಥಿತಿಗೆ ಒಂದು ಹೆಸರುಂಟು, ಎಂದು. ಮೇಲ್ನೋಟಕ್ಕೆ ಇದು ಕರುಣೆಯಂತೆಯೇ ಕಾಣುತ್ತದೆ. ಬಂದವನೇ ಕೈಮುಗಿದು ‘ನನ್ನನ್ನು ಸರಿಮಾಡಿ ಸಾರ್’ ಎನ್ನುವಾಗ ವೈದ್ಯರು ಇಲ್ಲವೆನ್ನುವುದು ಹೇಗೆ? ಆದರೆ ಆ ಬೇಡಿಕೆಯನ್ನು ಅವನ ಬಾಯಲ್ಲಿ ಇಟ್ಟವರು ಯಾರು? ಬಾಲ್ಯದಿಂದ ಕೇಳಿದ ಬೈಗುಳ, ಶಾಲೆಯ ನಗು, ಅಪ್ಪನ ಮೌನ ಎಲ್ಲವೂ ಸೇರಿ ಆಡಿಸಿದ ಮಾತನ್ನು ಅವನ ಸ್ವಂತ ಇಚ್ಛೆಯೆಂದು ಬರೆದುಕೊಳ್ಳುವುದು ಎಷ್ಟು ಸುಲಭ! ಬೆಂಗಳೂರಿನಲ್ಲಿ ಅರವಿಂದ್ ನಾರಾಯಣ್ ಮತ್ತು ವಿನಯ್ ಚಂದ್ರನ್ ಮನೋವೈದ್ಯರನ್ನೂ ಆಪ್ತಸಮಾಲೋಚಕರನ್ನೂ ಮಾತಾಡಿಸಿ, ಈ ಸುಲಭದ ದಾರಿ ಎಲ್ಲಿಗೆ ಒಯ್ಯುತ್ತದೆ ಎಂದು ವಿಚಾರಿಸಿದರು. 2016ರಲ್ಲಿ ಅವರೇ ಸಂಪಾದಿಸಿದ ‘ನಥಿಂಗ್ ಟು ಫಿಕ್ಸ್’ (ಸರಿಪಡಿಸಲು ಏನೂ ಇಲ್ಲ) ಎಂಬ ಪುಸ್ತಕದ ಹೆಸರೇ ಅವರು ಮುಟ್ಟಿದ ನಿಲುವನ್ನು ಹೇಳುತ್ತದೆ. ಇದೇ ಊರಿನಲ್ಲಿ 1994ರಿಂದ ‘ಗುಡ್ ಆ್ಯಸ್ ಯು’ ಎಂಬ ಸಲಿಂಗಪ್ರೇಮಿಗಳ ಬಳಗ ಸೇರತೊಡಗಿತ್ತು. ‘ಸಹಾಯ’ ಎಂಬ ಸಹಾಯವಾಣಿ ನಡೆಯಿತು. ಆಸ್ಪತ್ರೆಗಳು ಕೇಳಿಸಿಕೊಳ್ಳಲು ಕಲಿಯುವ ಮೊದಲೇ ನೊಂದವರು ಒಬ್ಬರಿಗೊಬ್ಬರು ಕಿವಿಯಾಗಿದ್ದರು ಎಂಬುದನ್ನು ನಾವು ಮರೆಯಬಾರದು.

ಇನ್ನೊಂದು ಬಗೆಯ ಕಿವುಡೂ ಇದೆ, ಅದು ಒಳ್ಳೆಯ ಮನಸ್ಸಿನಿಂದಲೇ ಹುಟ್ಟುತ್ತದೆ. ತಾಯಿ ತೀರಿಕೊಂಡ ದುಃಖಕ್ಕೆ ನಿದ್ದೆಗೆಟ್ಟವಳೊಬ್ಬಳು ಬರುತ್ತಾಳೆ ಎನ್ನಿ. ಮಾತಿನ ನಡುವೆ ತನ್ನ ಸಂಗಾತಿಯೂ ಹೆಣ್ಣೆಂದು ಹೇಳುತ್ತಾಳೆ. ಅಲ್ಲಿಂದ ಮುಂದೆ ತಾಯಿಯ ಮಾತೇ ಇಲ್ಲ. ಯಾವಾಗ ಗೊತ್ತಾಯಿತು, ಯಾಕೆ ಹಾಗಾಯಿತು, ಇಬ್ಬರೂ ಹೇಗೆ ಬಾಳುತ್ತೀರಿ ಎಂದು ಪ್ರಶ್ನೆಗಳು. ಕೇಳುವವರಿಗೆ ದ್ವೇಷವೇನೂ ಇಲ್ಲ, ಕುತೂಹಲವಿದೆ, ತಿಳಿಯುವ ಆಸೆಯೂ ಇದೆ. ಆದರೆ ಅಳಲು ಬಂದವಳು ಪಾಠ ಹೇಳಿ, ಮೇಲೆ ಶುಲ್ಕವನ್ನೂ ಕೊಟ್ಟು ಎದ್ದುಹೋಗಬೇಕಾಗುತ್ತದೆ. ಬೈಗುಳಕ್ಕಿಂತ ಇದು ಹೆಚ್ಚು ದಣಿಸುತ್ತದೆಂದು ನನಗೆ ಅನಿಸುತ್ತದೆ, ಏಕೆಂದರೆ ಇದರ ಮೇಲೆ ಸಿಟ್ಟು ಮಾಡಿಕೊಳ್ಳುವುದೂ ಕಷ್ಟ.

ತಿಳಿಯದವರು ಎಲ್ಲಿ ಕಲಿಯಬೇಕು ಎಂಬುದಕ್ಕೆ ಪಕ್ಕದ ರಾಜ್ಯದ ಒಂದು ಪ್ರಸಂಗ ನನ್ನ ಮನಸ್ಸಿಗೆ ಆಗಾಗ ಬರುತ್ತದೆ. ಮನೆಯವರ ವಿರೋಧಕ್ಕೆ ಅಂಜಿ ಮದುರೆಯಿಂದ ಚೆನ್ನೈಗೆ ಬಂದ ಇಬ್ಬರು ಯುವತಿಯರ ಅರ್ಜಿ ಮದ್ರಾಸ್ ಹೈಕೋರ್ಟಿನ ನ್ಯಾಯಮೂರ್ತಿ ಎನ್. ಆನಂದ್ ವೆಂಕಟೇಶ್ ಅವರೆದುರು ಬಂತು. ಈ ವಿಷಯದಲ್ಲಿ ತಮಗೆ ಪೂರ್ಣ ತಿಳಿವಳಿಕೆ ಇಲ್ಲವೆಂದು ಒಪ್ಪಿಕೊಂಡ ಅವರು, ತೀರ್ಪು ಬರೆಯುವ ಮೊದಲು ತಾವೇ ಮನಶ್ಶಾಸ್ತ್ರಜ್ಞೆಯೊಬ್ಬರ ಎದುರು ವಿದ್ಯಾರ್ಥಿಯಂತೆ ಕುಳಿತರು. 2021ರ ಜೂನ್ 7ರ ಅವರ ಆದೇಶ, ಒಲವನ್ನು ಬದಲಿಸುವ ‘ಚಿಕಿತ್ಸೆ’ಯನ್ನು ನಿಷೇಧಿಸಿತು, ಮರುವರ್ಷ ರಾಷ್ಟ್ರೀಯ ವೈದ್ಯಕೀಯ ಆಯೋಗವೂ ಅದನ್ನು ವೃತ್ತಿ ದುರ್ನಡತೆಯೆಂದು ಸಾರಿತು. ಆದೇಶಕ್ಕಿಂತಲೂ ನನ್ನನ್ನು ಹಿಡಿದು ನಿಲ್ಲಿಸುವುದು ಆ ಕುಳಿತುಕೊಂಡ ರೀತಿ. ದೊಡ್ಡ ಪೀಠದಲ್ಲಿರುವವರು ‘ನನಗೆ ತಿಳಿಯದು’ ಎನ್ನುವುದು ನಮ್ಮಲ್ಲಿ ಎಷ್ಟು ಅಪರೂಪ! ಕಲಿಕೆಯ ಹೊರೆಯನ್ನು ಅವರು ಆ ಹುಡುಗಿಯರ ತಲೆಗೆ ಹಾಕದೆ ತಮ್ಮ ಮೇಲೆ ಹೊತ್ತುಕೊಂಡರು.

ಸಮಾಜದ ನೈತಿಕ ರೂಢಿಗೆ ಒಗ್ಗದಿರುವುದನ್ನು ಮನೋರೋಗವೆಂದು ಎಣಿಸಬಾರದು, ಲೈಂಗಿಕ ಒಲವಿನ ಕಾರಣಕ್ಕೆ ಆರೈಕೆಯಲ್ಲಿ ಭೇದ ಮಾಡಬಾರದು ಎಂದು 2017ರ ಮಾನಸಿಕ ಆರೋಗ್ಯ ಕಾಯ್ದೆ ಹೇಳುತ್ತದೆ. 2018ರಲ್ಲಿ ಸುಪ್ರೀಂ ಕೋರ್ಟು, ಈ ಒಲವನ್ನು ಅಪರಾಧವಾಗಿಸಿದ್ದ 377ನೇ ಕಲಮಿನ ಭಯವನ್ನು ತೆಗೆಯಿತು. ಕಾಗದದಲ್ಲಿ ಇಷ್ಟಾದರೂ ಆಗಿದೆ. ಆದರೆ ಮಗನನ್ನು ಕರೆದುಕೊಂಡು ಬಂದ ತಾಯಿಯೊಬ್ಬಳು ಅವನನ್ನು ಹೊರಗೆ ಕೂರಿಸಿ, ‘ನಾಳೆ ನಾನಿಲ್ಲದಾಗ ಇವನಿಗೆ ಯಾರು, ಡಾಕ್ಟ್ರೇ?’ ಎಂದು ಕೇಳಿದರೆ, ಅದನ್ನು ಅಜ್ಞಾನವೆಂದು ತಳ್ಳಿಹಾಕಲಾಗದು. 2023ರ ಅಕ್ಟೋಬರ್‌ನಲ್ಲಿ ಅದೇ ಸುಪ್ರೀಂ ಕೋರ್ಟು ಇಂಥ ಜೋಡಿಗಳಿಗೆ ಮದುವೆಯ ಹಕ್ಕನ್ನು ಕೊಡಲು ಒಪ್ಪಲಿಲ್ಲ. ಹಾಗಿರುವಾಗ ಆ ತಾಯಿಯ ಭಯಕ್ಕೆ ನೆಲೆಯಿದೆ; ಅವಳ ಮಾತಿಗೂ ಮಗನ ಮಾತಿಗೂ ಸಮನಾಗಿ ಸಮಯ ಕೊಟ್ಟು, ಆ ಭಯ ಹುಟ್ಟಿದ್ದು ಮಗನ ಒಲವಿನಿಂದಲ್ಲ, ಅವನಿಗೆ ನಾವಿನ್ನೂ ಕೊಡದೆ ಉಳಿಸಿಕೊಂಡಿರುವುದರಿಂದ ಎಂದು ಅವಳಿಗೆ ತಾಳ್ಮೆಯಿಂದ ಹೇಳಬಲ್ಲವರು ನಮ್ಮ ಬಡಾವಣೆಗಳಲ್ಲಿ, ಕನ್ನಡದಲ್ಲಿ, ನಡೆದು ಹೋಗುವಷ್ಟು ಹತ್ತಿರದಲ್ಲಿ ಬೇಕಾಗಿದ್ದಾರೆ.