ಹಿತ್ತಲಿನ ಹಕ್ಕಿ ಮತ್ತು ದಾಸೋಹಭಾವ



ಹಿತ್ತಲಿಗೆ ಹಕ್ಕಿಗಳು ಬರಲೆಂದು ಕಾಳು ಚೆಲ್ಲಿ, ಮಣ್ಣಿನ ಬೋಗುಣಿಯಲ್ಲಿ ನೀರಿಡುವ ರೂಢಿ ನಿಮ್ಮಲ್ಲಿ ಅನೇಕರಿಗೆ ಉಂಟು. ಅದು ಸ್ತುತ್ಯವಾದುದು. ಆದರೆ ಆ ಕರೆ ಹಕ್ಕಿಯ ಹಿತಕ್ಕಾಗಿಯೋ, ನಮ್ಮ ಕಣ್ಣಿನ ಸುಖಕ್ಕಾಗಿಯೋ ಎಂಬುದನ್ನು ವಿಚಾರಿಸಬೇಕು.

ಗುಬ್ಬಿ ಕಾಳು ತಿನ್ನುವ ಹಕ್ಕಿಯೆಂಬುದು ಸರ್ವವಿದಿತ. ಆದರೆ ಅದು ತನ್ನ ಎಳೆಯ ಮರಿಗಳಿಗೆ ಉಣಿಸುವುದು ಬಹುಮಟ್ಟಿಗೆ ಹುಳುಗಳನ್ನೇ. ಅಂಗಳದಲ್ಲಿ ನವಣೆ ಚೆಲ್ಲಿ ಗಿಡಗಳಿಗೆ ಕೀಟನಾಶಕ ಸಿಂಪಡಿಸುವುದೆಂದರೆ ತಾಯಿಗೆ ಉಣಬಡಿಸಿ ಮಕ್ಕಳ ತುತ್ತನ್ನು ಕಸಿದಂತೆ. ಈ ದೋಷಕ್ಕೆ ನಾವೂ ಹೊರತಲ್ಲ. ಮಠದ ಹೂದೋಟದ ಬಿಲ್ವವನ್ನು ಹುಳು ತಿನ್ನತೊಡಗಿದಾಗ, ಪೂಜೆಗೆ ಅಖಂಡ ಪತ್ರೆ ಬೇಕೆಂದು ಔಷಧ ಹೊಡೆಸಿದವರು ನಾವೇ. ಪತ್ರೆ ಅಖಂಡವಾಗಿಯೇ ದೊರೆಯಿತು. ತೋಟ ಮಾತ್ರ ಮೌನವಾಯಿತು.

ದಾನಕ್ಕೂ ದಾಸೋಹಕ್ಕೂ ಇರುವ ಅಂತರ ಇಲ್ಲಿ ಸ್ಪಷ್ಟವಾಗುತ್ತದೆ. ದಾನಿಯಲ್ಲಿ ‘ಕೊಟ್ಟೆ’ನೆಂಬ ಅಹಂಕಾರ ಉಳಿದೀತು, ಏನನ್ನು ಕೊಡಬೇಕೆಂಬುದನ್ನೂ ಅವನೇ ಗೊತ್ತುಮಾಡುವನು. ದಾಸೋಹಿಯಾದರೋ ಬಂದವರ ಹಸಿವನ್ನರಿತು ನಡೆಯುವನು. ದಾಸವಾಳ ಅರಳಿದರೆ ಸೂರಕ್ಕಿ ಮಧುವಿಗೆ ಬರುವುದು. ಕರಿಬೇವು ಹಣ್ಣಾದರೆ ಪಿಕಳಾರವೂ ಕೋಗಿಲೆಯೂ ಕರೆಯದೆಯೇ ಬರುವುವು. ಹುಳುವಿರುವ ಎಲೆ, ಗುಡಿಸದೆ ಬಿಟ್ಟ ತರಗು, ದಿನವೂ ತೊಳೆದು ತುಂಬಿದ ನೀರು, ಇಷ್ಟಿದ್ದರೆ ಹಿತ್ತಲೇ ದಾಸೋಹದ ಮನೆಯಾಗುವುದು.

ಈಗ ನಾವು ಬಿಲ್ವಕ್ಕೆ ಔಷಧ ಹೊಡೆಸುವುದಿಲ್ಲ. ಅಖಂಡವಾದ ಎಲೆಗಳನ್ನು ಲಿಂಗಪೂಜೆಗೆ ಆರಿಸಿಕೊಳ್ಳುತ್ತೇವೆ. ತೂತುಬಿದ್ದವು ಅದಾಗಲೇ ಅರ್ಪಿತವಾಗಿವೆಯೆಂದು ತಿಳಿಯುತ್ತೇವೆ. ನಿಮ್ಮ ಹಿತ್ತಲಿನಲ್ಲಿಯೂ ಒಂದು ಕೊಂಬೆಯನ್ನಾದರೂ ಹಾಗೆ ಬಿಟ್ಟುಕೊಡಿರಿ.